ಬಕುಳದ ಮರ, ಹೂವು, ಪರಿಮಳ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಗುರುತು ಹಿಡಿಯುವುದರಿಂದ ಶುರುವಾಗಿ ಪ್ರಯೋಗಾಲಯದ ಕೆಲಸದವರೆಗೆ ಹೋಗುತ್ತದೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಗುರುತು, ಹೆಸರು

ಬಕುಳ, ರಂಜಲ, ಪಗಡೆ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎಲ್ಲಾ ಒಂದೇ ಮರನಾ?

ಒಂದೇ. ಬಯಲುಸೀಮೆಯಲ್ಲಿ ಬಕುಳ, ಪಗಡೆ, ಮಲೆನಾಡಿನಲ್ಲಿ ರಂಜ, ರಂಜಲ, ಕರಾವಳಿಯಲ್ಲಿ ರೆಂಜೆ. ಶಾಸ್ತ್ರೀಯ ಹೆಸರು ಮಿಮುಸಾಪ್ಸ್ ಎಲೆಂಗಿ. 1753ರಲ್ಲಿ ಲಿನೇಯಸ್ ಇಟ್ಟ ಹೆಸರಿದು. 'ಎಲೆಂಗಿ' ಎಂಬುದು ಮಲಯಾಳದ ಮಾತು. ಹದಿನೇಳನೇ ಶತಮಾನದ 'ಹಾರ್ಟಸ್ ಮಲಬಾರಿಕಸ್' ಗ್ರಂಥದ ಮೂಲಕ ಯುರೋಪಿಗೆ ಹೋಯಿತು.

ಗುರುತು ಹಿಡಿಯಲು ಹೂವೇ ಬೇಕಿಲ್ಲ. ಎಲೆ ದಪ್ಪ, ಮೇಲೆ ಮಿರುಗುವ ಕಡುಹಸಿರು, 5ರಿಂದ 14 ಸೆ.ಮೀ. ಉದ್ದ, ಅಂಚು ಅಲೆ ಅಲೆಯಾಗಿರುತ್ತದೆ. ಎಲೆಯ ತೊಟ್ಟು ಮುರಿದರೆ ಬಿಳಿ ಹಾಲು ಒಸರುತ್ತದೆ. ವರ್ಷವಿಡೀ ಹಸಿರು, ಎಲೆಯುದುರಿ ಬೋಳಾಗುವ ಮರವಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಪ್ಯಾನಿಷ್ ಚೆರ್ರಿ ಅಂತಾರಲ್ಲ, ಹಾಗಾದ್ರೆ ಇದು ಕಾಡು ಚೆರ್ರಿನಾ?

ಅಲ್ಲ. ಹಣ್ಣಿನ ಗಾತ್ರ, ಆಕಾರ ನೋಡಿ ಅಂಟಿದ ಹೆಸರು. ನಮ್ಮ ಕಡೆ ಚೆರ್ರಿ ಎಂಬ ಹೆಸರು ಕನಿಷ್ಠ ನಾಲ್ಕು ಗಿಡಗಳಿಗೆ ಸುತ್ತಿಕೊಂಡಿದೆ, ಅದಕ್ಕೇ ಗೊಂದಲ.

ನಿಜವಾದ ಕಾಡು ಚೆರ್ರಿ, ಪ್ರೂನಸ್ ಏವಿಯಂ, ಗುಲಾಬಿ ಕುಟುಂಬದ್ದು. ಅದು ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಸುಮಾರು ಸಾವಿರ ಗಂಟೆಯ ಚಳಿ ಬೇಕು. ಚಿತ್ರದುರ್ಗದ ಚಳಿ ಎಷ್ಟೇ ಕೊರೆದರೂ ಅದಕ್ಕೆ ಸಾಲದು. ಸಸಿ ತಂದು ನೆಟ್ಟು ದುಡ್ಡು ಕಳೆಯಬೇಡಿ. ಹಿಮಾಲಯದ ಕಾಡು ಚೆರ್ರಿಯೂ ಇದೇ ಕುಟುಂಬ. ಆಯುರ್ವೇದದಲ್ಲಿ ಪದ್ಮಕ ಎನ್ನುವುದು ಅದನ್ನೇ.

ಶಾಲೆ ಕಾಂಪೌಂಡಿನ ಪಕ್ಕ ಮಕ್ಕಳು ಹತ್ತಿ ಕೀಳುವ 'ಸಿಂಗಾಪುರ ಚೆರ್ರಿ' ಗಸಗಸೆ ಹಣ್ಣಿನ ಮರ. ಎಲೆ ಅಂಟಂಟು, ಹೂವಿಗೆ ಐದು ಬಿಳಿ ಎಸಳು, ಹಣ್ಣಿನೊಳಗೆ ಗಸಗಸೆಯಂಥ ಬೀಜ. ಬೇಕರಿಯ ಕೇಕಿನ ಮೇಲಿನ ಕೆಂಪು ಚೆರ್ರಿ ಬಹುಪಾಲು ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿದ ಕವಳಿಕಾಯಿ. ಬಕುಳ ಈ ಯಾವುದರ ನೆಂಟನೂ ಅಲ್ಲ. ಅದು ಸಪೋಟ ಕುಟುಂಬದ್ದು. ಹಿಪ್ಪೆ ಮರ ಅದರ ದಾಯಾದಿ.

ನಮ್ಮ ಜೋಗಿಮಟ್ಟಿ ಕಾಡಲ್ಲಿ ಇದು ತಾನಾಗೇ ಬೆಳೀತೈತಾ?

ಬಕುಳದ ತವರು ಪಶ್ಚಿಮ ಘಟ್ಟದ ನಿತ್ಯಹಸಿರು, ಅರೆ ನಿತ್ಯಹಸಿರು ಕಾಡು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯದು ಎಲೆಯುದುರುವ ಒಣ ಕಾಡು, ಕುರುಚಲು. ಅಲ್ಲಿನ ಮಳೆಗೆ ಒಗ್ಗಿದ್ದು ಹಿಪ್ಪೆ, ಬಕುಳವಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದು ದೇವಸ್ಥಾನ, ಪಾರ್ಕು, ರಸ್ತೆಬದಿಗಳಲ್ಲಿ ನೆಟ್ಟು ಬೆಳೆಸಿದ ಮರ. ಘಟ್ಟದ ಮಳೆಕಾಡಿನಲ್ಲಿ 30 ಮೀಟರ್‌ವರೆಗೆ ಏರುವ ಮರ ಇಲ್ಲಿ 10–15 ಮೀಟರಿಗೆ ನಿಲ್ಲುತ್ತದೆ, ಕೊಡೆಯಂತೆ ಹರಡುತ್ತದೆ. ನೆರಳಿಗೆ ಅದೇ ಒಳ್ಳೆಯದಾಯಿತು.

ಸುರಗಿನೂ ಒಣಗಿದ ಮೇಲೆ ಘಮ ಅಂತೈತೆ. ಸುರಗಿ, ಬಕುಳ ಎರಡೂ ಒಂದೇ ಅಲ್ವಾ?

ಬೇರೆ ಬೇರೆ. ಸುರಗಿಯ ಮೊಗ್ಗು ಗುಂಡಗೆ ಮುತ್ತಿನಂತಿದ್ದು, ಒಡೆದರೆ ಒಳಗೆ ಹಳದಿ ಕೇಸರಗಳ ಕುಚ್ಚು ಕಾಣುತ್ತದೆ. ಬಕುಳದ ಹೂವು ಚಕ್ರದಂತೆ ಚಪ್ಪಟೆ, ನಡುವೆ ತೂತು.

## ಹೂವು, ಹಣ್ಣು

ಹೂವಿಗೆ 8 ಎಸಳು ಅಂತ ಪುಸ್ತಕದಲ್ಲೈತೆ. ನಾನು ಎಣಿಸಿದ್ರೆ 24 ಬಂತು. ಯಾವ್ದು ಸರಿ?

ಎರಡೂ ಸರಿ. ಮಿಮುಸಾಪ್ಸ್ ಕುಲದ ವಿಶೇಷವೇ ಇದು. ನಿಜವಾದ ಎಸಳು ಎಂಟೇ. ಆದರೆ ಪ್ರತಿ ಎಸಳಿನ ಬೆನ್ನಿಗೆ ಎರಡೆರಡು ಉಪಾಂಗಗಳು ಮೂಡಿರುತ್ತವೆ. ಅವೂ ಎಸಳಿನಂತೆಯೇ ಕಾಣುತ್ತವೆ. ಎಂಟಕ್ಕೆ ಹದಿನಾರು ಸೇರಿ 24. ಹದಿನಾರು ಹೊರಗೆ ನಕ್ಷತ್ರದಂತೆ ಹರಡುತ್ತವೆ, ಒಳಗಿನ ಎಂಟು ಎದ್ದುನಿಂತು ಕೇಸರಗಳನ್ನು ಸುತ್ತುವರಿಯುತ್ತವೆ.

ಎಂಟರ ಲೆಕ್ಕ ಇಡೀ ಹೂವಿನಲ್ಲಿದೆ. ಪುಷ್ಪಪತ್ರ (ಎಸಳಿನ ಹೊರಗಿನ ಹೊದಿಕೆ) ನಾಲ್ಕು ನಾಲ್ಕರ ಎರಡು ಸುತ್ತು, ಹೊರ ಸುತ್ತಿಗೆ ತುಕ್ಕಿನ ಬಣ್ಣದ ರೋಮ. ಫಲವತ್ತಾದ ಕೇಸರ ಎಂಟು, ಅವುಗಳ ಸಂದಿಯಲ್ಲಿ ಪರಾಗವಿಲ್ಲದ ರೋಮಮಯ ಬಂಜೆ ಕೇಸರ ಎಂಟು. ಅಂಡಾಶಯಕ್ಕೂ ಎಂಟು ಕೋಣೆ. ಆದರೆ ಹಣ್ಣಾಗುವಾಗ ಸಾಮಾನ್ಯವಾಗಿ ಒಂದೇ ಬೀಜ ಬಲಿಯುತ್ತದೆ, ಅಪರೂಪಕ್ಕೆ ಎರಡು. ಮಕ್ಕಳಿಗೆ ತೋರಿಸುವುದಾದರೆ ಹತ್ತು ಪಟ್ಟು ದೊಡ್ಡದಾಗಿಸುವ ಕೈಮಸೂರ ಸಾಕು.

ಬೆಳಗಾಗೋದ್ರೊಳಗೆ ಹೂವೆಲ್ಲಾ ನೆಲದ ಮೇಲೆ ಬಿದ್ದಿರ್ತವೆ. ಮರಕ್ಕೆ ಏನಾದ್ರೂ ರೋಗನಾ?

ರೋಗವಲ್ಲ, ಅದರ ಕ್ರಮವೇ ಹಾಗೆ. ಹೂವು ಇಳಿಹೊತ್ತಿನಿಂದ ರಾತ್ರಿಯಲ್ಲಿ ಅರಳುತ್ತದೆ. ಬೆಳಗಿನ ಜಾವಕ್ಕೆ ಎಸಳು, ಉಪಾಂಗ, ಕೇಸರ ಎಲ್ಲವೂ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಒಂದೇ ಉಂಗುರವಾಗಿ ಕಳಚಿ ಬೀಳುತ್ತದೆ. ಪುಷ್ಪಪತ್ರ, ಅಂಡಾಶಯ ಮರದಲ್ಲೇ ಉಳಿದು ಮುಂದೆ ಕಾಯಿಯಾಗುತ್ತವೆ. ಹೂವಿನ ನಡುವೆ ಕಾಣುವ ತೂತು ಅಂಡಾಶಯ ಇದ್ದ ಜಾಗ. ಬಕುಳದ ದಂಡೆ ಪೋಣಿಸಲು ಸೂಜಿ ಚುಚ್ಚಬೇಕಿಲ್ಲ; ನೆನೆಸಿದ ಬಾಳೆನಾರಿನ ತುದಿ ಹೊಸೆದು ತೂರಿಸಿದರೆ ಆಯಿತು. ಹಿಪ್ಪೆಯ ಹೂವೂ ಹೀಗೇ ಬೆಳಗಿನ ಜಾವ ಉದುರುತ್ತದೆ, ಆದರೆ ಅದು ಸಕ್ಕರೆ ತುಂಬಿದ ತಿರುಳು.

ಹೂವಿಗಾಗಿ ಕೊಂಬೆ ಜಗ್ಗುವುದು, ಕೋಲಿನಿಂದ ಬಡಿಯುವುದು ಬೇಡವೇ ಬೇಡ. ಉದುರದ ಹೂವನ್ನು ಕಿತ್ತರೆ ಅಂಡಾಶಯವೂ ಹೋಗುತ್ತದೆ, ಪೋಣಿಸಲು ತೂತೂ ಇರುವುದಿಲ್ಲ. ರಾತ್ರಿ ಹಳೆಯ ಸೀರೆಯೊಂದನ್ನು ಮರದಡಿ ಹಾಸಿ, ಸೂರ್ಯ ಹುಟ್ಟುವ ಮೊದಲು ಎತ್ತಿಕೊಳ್ಳಿ. ಮಣ್ಣು ತಾಗದ ಹೂವು ಸಿಗುತ್ತದೆ.

ಹಣ್ಣು ತಿನ್ನಬಹುದಾ?

ಹಳದಿ ಕಳೆದು ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ತಿನ್ನಬಹುದು. ತಿರುಳು ಹಿಟ್ಟು ಹಿಟ್ಟು, ಸಿಹಿಯ ಹಿಂದೆ ಒಗರು. ಒಗರಿಗೆ ಟ್ಯಾನಿನ್ ಕಾರಣ. ಬಲಿಯದ ಕಾಯಿ ಕಚ್ಚಿದರೆ ಹಾಲು ತುಟಿಗೆ ಅಂಟುತ್ತದೆ, ನಾಲಿಗೆ ದಪ್ಪವಾದಂತಾಗುತ್ತದೆ. ಬೀಜದಲ್ಲಿ ಸಪೋನಿನ್‌ಗಳಿವೆ, ಅದನ್ನು ಜಗಿಯಬಾರದು, ಉಗುಳಬೇಕು.

## ಬೆಳೆಸುವುದು

ಬೀಜ ಹಾಕಿ ಎರಡು ತಿಂಗಳಾಯ್ತು, ಒಂದೂ ಹುಟ್ಟಿಲ್ಲ. ಏನ್ ತಪ್ಪಾಗಿರಬಹುದು?

ಹೆಚ್ಚಿನ ಸಲ ತಪ್ಪು ಬೀಜದ ವಯಸ್ಸಿನಲ್ಲಿರುತ್ತದೆ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜಕ್ಕೆ ಮೊಳೆಯುವ ಶಕ್ತಿ ಕುಂದುತ್ತದೆ. ಹಣ್ಣು ಬಿದ್ದ ವಾರದೊಳಗೆ ಬಿತ್ತಿ. ತಿರುಳನ್ನು ಮರಳು ಹಾಕಿ ತಿಕ್ಕಿ ಪೂರ್ತಿ ತೆಗೆಯಿರಿ. ಉಳಿದರೆ ಬೂಸ್ಟು ಹಿಡಿದು ಬೀಜ ಕೊಳೆಯುತ್ತದೆ. 24 ಗಂಟೆ ನೀರಲ್ಲಿ ನೆನೆಸಿ, ತೇಲಿದ್ದನ್ನು ಎಸೆಯಿರಿ. ಬೀಜದ ಸಿಪ್ಪೆ ಗಟ್ಟಿ. ಗಾಯದ ಗುರುತಿರುವ ಕಡೆ ಬಿಟ್ಟು ಇನ್ನೊಂದು ಬದಿಯನ್ನು ಉಪ್ಪುಕಾಗದಕ್ಕೆ ನಾಲ್ಕು ಸಲ ಉಜ್ಜಿದರೆ ನೀರು ಬೇಗ ಇಳಿಯುತ್ತದೆ.

ಕೆಮ್ಮಣ್ಣು, ಮರಳು, ಹಳೆ ತಿಪ್ಪೆಗೊಬ್ಬರ ಒಂದೊಂದು ಪಾಲು. ಬೀಜವನ್ನು 2 ಸೆ.ಮೀ. ಆಳಕ್ಕೆ ಊರಿ, ನೆರಳಲ್ಲಿಟ್ಟು ಒದ್ದೆಯಾಗಿಡಿ. ಮೂರು ವಾರದಿಂದ ಎರಡೂವರೆ ತಿಂಗಳವರೆಗೆ ಒಂದೊಂದಾಗಿ ಏಳುತ್ತವೆ. ಎರಡು ತಿಂಗಳಿಗೆ ಕೈಬಿಟ್ಟು ಚೀಲ ಕೊಡವಿ ನೋಡುವವರೇ ಹೆಚ್ಚು. ಒಂದು ಬೀಜ ಕೆದಕಿ ಒತ್ತಿ ನೋಡಿ, ಗಟ್ಟಿಯಿದ್ದರೆ ಇನ್ನೂ ಕಾಯಬಹುದು.

ನಮ್ಮದು ದಾವಣಗೆರೆ ಕಡೆ ಎರೆಭೂಮಿ. ಹೇಗೆ ನೆಡಬೇಕು?

ಎರೆಮಣ್ಣಿನಲ್ಲಿ ಎರಡು ತೊಂದರೆ: ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಎಳೆಬೇರು ಹರಿಯುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬೇಸಿಗೆಯಲ್ಲೇ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿನ ಅರ್ಧ ಭಾಗಕ್ಕೆ ಅಷ್ಟೇ ಕೆಮ್ಮಣ್ಣು, ಎರಡು ಮಂಕರಿ ಕಳಿತ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ನೆಟ್ಟ ಜಾಗ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ; ಗುಂಡಿಯೇ ಬಟ್ಟಲಾಗಬಾರದು.

ನೆಡುವ ಹೊತ್ತು ಆರಿದ್ರಾ, ಪುನರ್ವಸು ಮಳೆ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಗಿಡಕ್ಕೆ 20 ಲೀಟರ್ ನೀರು ಕೊಟ್ಟು, ಬುಡಕ್ಕೆ ಶೇಂಗಾ ಹೊಟ್ಟು ಅಥವಾ ಒಣಹುಲ್ಲು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ. ಗೋಡೆಯಿಂದ 4–5 ಮೀಟರ್ ದೂರವಿರಲಿ. ತಲೆಯ ಮೇಲೆ ಕರೆಂಟಿನ ತಂತಿ ಇದ್ದಲ್ಲಿ ನೆಡಲೇಬೇಡಿ. ಬಕುಳ ನಿಧಾನವಾಗಿ ಬೆಳೆಯುವುದರಿಂದ ಹತ್ತು ವರ್ಷ ಯಾರಿಗೂ ತೊಂದರೆ ಕಾಣುವುದಿಲ್ಲ, ಆಮೇಲೆ ಪ್ರತಿ ವರ್ಷ ತಲೆ ಕತ್ತರಿಸಿಕೊಂಡು ಬದುಕಬೇಕಾಗುತ್ತದೆ.

ಬೋರ್‌ವೆಲ್ ನೀರು ಹಾಕ್ತೀವಿ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲ್ತಿಲ್ವಾ?

ಇದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಹೆಚ್ಚಿದ್ದು ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಆಸುಪಾಸಿಗೆ ಏರಿದರೆ ಬೇರು ಅದನ್ನು ಹೀರಲಾರದು. ಗಡಸು ನೀರು ವರ್ಷಗಟ್ಟಲೆ ಹಾಕಿದಂತೆ ಇದು ಹೆಚ್ಚುತ್ತದೆ. ಯೂರಿಯಾ ಸುರಿದರೆ ವಾಸಿಯಾಗುವುದಿಲ್ಲ.

ತಕ್ಷಣಕ್ಕೆ: ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ; 15 ದಿನ ಬಿಟ್ಟು ಇನ್ನೊಂದು ಸಲ. ಕರಗಿಸಿಟ್ಟು ಮರುದಿನ ಬಳಸಬೇಡಿ, ಕಂದುಬಣ್ಣಕ್ಕೆ ತಿರುಗಿದ ದ್ರಾವಣ ಕೆಲಸಕ್ಕೆ ಬಾರದು. ಬುಡಕ್ಕೆ ಹಾಕುವ ಚಿಲೇಟ್ (ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ಗೊಬ್ಬರ) ಕೊಳ್ಳುವುದಾದರೆ ಇಡಿಟಿಎ ಬೇಡ, ಕ್ಷಾರ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು. ಇಡಿಡಿಎಚ್‌ಎ ಎಂದಿರುವುದನ್ನು ಕೇಳಿ. ಮಳೆನೀರನ್ನು ಬುಡಕ್ಕೆ ತಿರುಗಿಸುವುದು, ಎಲೆಗೊಬ್ಬರ ಸೇರಿಸುತ್ತ ಹೋಗುವುದು ದೀರ್ಘಕಾಲದ ಮದ್ದು.

ಗಿಡ ಎದೆಯುದ್ದ ದಾಟೈತೆ, ಸೊಂಪಾಗೈತೆ, ಹೂವೇ ಇಲ್ಲ. ಯಾಕೆ?

ಬೀಜದ ಗಿಡವಾದರೆ ಮೊದಲು ವಯಸ್ಸು ಕೇಳಿಕೊಳ್ಳಿ. ಆರೇಳು ವರ್ಷಕ್ಕೆ ಮುಂಚೆ ಹೂ ನಿರೀಕ್ಷಿಸಬೇಡಿ. ವಯಸ್ಸಾಗಿದ್ದೂ ಹೂವಿಲ್ಲದಿದ್ದರೆ ಕತ್ತರಿಯ ಮೇಲೆ ಅನುಮಾನ ಇರಲಿ. ಹೂವು ಬರುವುದು ರೆಂಬೆಯ ಎಲೆಕಂಕುಳಲ್ಲಿ. ಚೆಂಡಿನಂತೆ, ಕೊಡೆಯಂತೆ ಕಾಣಲೆಂದು ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಹೂ ಬಿಡುವ ರೆಂಬೆಯೇ ಬಲಿಯುವುದಿಲ್ಲ. ಕತ್ತರಿಸಲೇಬೇಕಿದ್ದರೆ ಹೂವಿನ ಹಂಗಾಮು ಮುಗಿದ ಮೇಲೆ ವರ್ಷಕ್ಕೊಮ್ಮೆ. ದೊಡ್ಡ ಮರದ ನೆರಳು, ಸಾರಜನಕದ ಗೊಬ್ಬರದ ಅತಿ ಬಳಕೆ ಉಳಿದ ಎರಡು ಕಾರಣಗಳು. ಹೆಚ್ಚಿನ ಹೂವು ಬೇಸಿಗೆಯ ತಿಂಗಳುಗಳಲ್ಲಿ.

ಕಾಂಡದ ಮೇಲೆ ಕಂಬಳಿ ಹುಳ ಗುಂಪುಗಟ್ಟಿ ಕೂತಾವೆ. ಬೆಂಕಿ ಹಚ್ಚಬೇಕಾ?

ಬೆಂಕಿ ಬೇಡ, ತೊಗಟೆ ಸುಟ್ಟರೆ ಆ ಭಾಗ ಸತ್ತಂತೆಯೇ. ಇವು ಸಪೋಟ, ಬಕುಳ ಎರಡಕ್ಕೂ ಬರುವ ಮೆಟನಾಸ್ಟ್ರಿಯಾ ಎಂಬ ಪತಂಗದ ಮರಿಗಳಿರಬಹುದು. ರಾತ್ರಿ ಎಲೆ ತಿಂದು ಹಗಲು ಕಾಂಡದ ನೆರಳಿನ ಬದಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ಆ ಅಭ್ಯಾಸವೇ ನಮಗೆ ಅನುಕೂಲ. ಮಧ್ಯಾಹ್ನ ಹಳೆ ಪೊರಕೆಯಿಂದ ಸಾಬೂನು ನೀರಿನ ಬಕೆಟ್ಟಿಗೆ ಗುಡಿಸಿ ಹಾಕಿ. ರೋಮ ಚರ್ಮಕ್ಕೆ ತಾಗಿದರೆ ಉರಿ, ದದ್ದು. ತುಂಬುತೋಳಿನ ಅಂಗಿ, ಕೈಗವಸು, ಕಣ್ಣಿಗೆ ಕನ್ನಡಕ ಇರಲಿ.

ಹಲ್ಲುನೋವಿಗೆ ತೊಗಟೆ ಬೇಕು ಅಂತ ಜನ ಕೆತ್ಕೊಂಡು ಹೋಗ್ತಾರೆ. ಮರ ಉಳೀತೈತಾ?

ತೊಗಟೆಯಲ್ಲಿ ಒಗರಿನ ಟ್ಯಾನಿನ್ ಇದೆ, ಹಲ್ಲುಪುಡಿಗೆ ಬಳಸುವ ರೂಢಿ ಹಳೆಯದು. ಆದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಕಾಂಡದ ಸುತ್ತ ಬಳೆಯಂತೆ ತೊಗಟೆ ಎದ್ದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಬೇಕಿದ್ದವರು ಸವರಿದ ಕೊಂಬೆಯಿಂದ ತೆಗೆದುಕೊಳ್ಳಲಿ. ಹಲ್ಲು ನೋವಿಗೆ ದಂತವೈದ್ಯರಿದ್ದಾರೆ.

## ಪರಿಮಳವನ್ನು ಹಿಡಿದಿಡುವುದು

ಒಣಗಿಸಿದ್ರೆ ಕೆಲವು ಸಲ ಘಮ ಉಳೀತೈತೆ, ಕೆಲವು ಸಲ ಬೂಸ್ಟು ವಾಸನೆ. ಸರಿಯಾದ ರೀತಿ ಯಾವ್ದು?

ಎತ್ತಿದ ಹೂವನ್ನು ತೊಳೆಯಬೇಡಿ. ಕಸ, ಇರುವೆ ಆರಿಸಿ, ಹತ್ತಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಗಾಳಿಯಾಡುವ ಒಳಮನೆಯಲ್ಲಿಡಿ. ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ಐದಾರು ದಿನ. ದಿನಕ್ಕೊಮ್ಮೆ ಮಗುಚಿ. ಕಂದುಬಣ್ಣಕ್ಕೆ ತಿರುಗಿ, ಹಿಸುಕಿದರೆ ಕಾಗದದಂತೆ ಪರಪರ ಎಂದರೆ ಆಯಿತು. ಮೆತ್ತಗಿರುವಾಗಲೇ ಡಬ್ಬಿಗೆ ತುಂಬಿದವರಿಗೆ ಬೂಸ್ಟು ಬರುತ್ತದೆ.

ಮಾಳಿಗೆಯ ಮೇಲೆ ಒಣಗಿಸಬೇಡಿ. ಏಪ್ರಿಲ್ ಬಿಸಿಲಲ್ಲಿ ಕಾಂಕ್ರೀಟು 50 ಡಿಗ್ರಿ ದಾಟುತ್ತದೆ. ಬೇಗ ಒಣಗುತ್ತದೆ, ಘಮವೂ ಅಷ್ಟೇ ಬೇಗ ಹಾರಿಹೋಗುತ್ತದೆ. ಗಾಜಿನ ಬಾಟಲಿ ಅಥವಾ ಸ್ಟೀಲ್ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಪರಿಮಳವನ್ನು ತಾನೇ ಹೀರಿಕೊಳ್ಳುತ್ತದೆ, ತನ್ನ ವಾಸನೆಯನ್ನೂ ಕೊಡುತ್ತದೆ. ಸೀರೆಗಳ ನಡುವೆ ಇಡುವುದಾದರೆ ತೆಳು ಮಲ್ಲಿನ ಗಂಟು ಕಟ್ಟಿ. ನೇರ ಇಟ್ಟರೆ ಕಂದು ಕಲೆ ಬೀಳಬಹುದು.

ತಲೆಗೆ ಹಚ್ಚೋ ಎಣ್ಣೆಗೆ ಬಕುಳದ ಘಮ ಹತ್ತಿಸೋದು ಹೇಗೆ?

ಕುದಿಸಬೇಡಿ, ನೆನೆಸಿ. ಗಾಣದ ಎಳ್ಳೆಣ್ಣೆ 400 ಮಿ.ಲೀ., ಹೂವು 100 ಗ್ರಾಂ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುವುದರಿಂದ ಚಳಿಗಾಲದಲ್ಲಿ ಸೋಸಲು ಕಷ್ಟ. ಹೂವನ್ನು ನೆರಳಲ್ಲಿ ನಾಲ್ಕೈದು ಗಂಟೆ ಬಾಡಿಸಿ. ಹಸಿ ಹೂವಿನ ನೀರು ಎಣ್ಣೆಗೆ ಇಳಿದರೆ ತಳದಲ್ಲಿ ನಿಂತು ಹುಳಿವಾಸನೆ ಹುಟ್ಟಿಸುತ್ತದೆ. ಬಾಟಲಿಯಲ್ಲಿ ಹೂವು ಪೂರ್ತಿ ಮುಳುಗಿರಲಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲಲ್ಲಿ ಒಂದು ದಿನ ಇಡಿ. ಸೋಸಿ, ಅದೇ ಎಣ್ಣೆಗೆ ಮರುದಿನದ ಹೊಸ ಹೂವು ಹಾಕಿ. ಹೀಗೆ ಏಳು ಸಲ. ಒಂದೇ ಸಲ 700 ಗ್ರಾಂ ತುರುಕಿದರೆ ಎಣ್ಣೆಯಲ್ಲಿ ಮುಳುಗದೆ ಮೇಲಿನ ಹೂವು ಕೊಳೆಯುತ್ತದೆ.

ಕೊನೆಗೆ ಮೂರು ದಿನ ಅಲುಗಾಡಿಸದೆ ಬಿಟ್ಟು, ತಳದ ನೀರು ಮಡ್ಡಿ ಬಿಟ್ಟು ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ. ಬಕುಳದಲ್ಲಿರುವ ಸಿನ್ನಮೈಲ್ ಆಲ್ಕೋಹಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ; ಯುರೋಪಿನ ನಿಯಮಗಳಲ್ಲಿ ಅದು ಅಲರ್ಜಿಕಾರಕಗಳ ಪಟ್ಟಿಯಲ್ಲಿದೆ. ಮೊದಲು ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಎರಡು ದಿನ ಕಾದು ನೋಡಿ.

ಕುಕ್ಕರಿನಲ್ಲಿ ಬಟ್ಟಿ ಇಳಿಸಿದೆ, ಎಣ್ಣೆ ಒಂದು ಹನಿನೂ ತೇಲಲಿಲ್ಲ. ನೀರು ಮಾತ್ರ ಘಮ ಅಂತೈತೆ!

ನೀವು ಸರಿಯಾಗಿಯೇ ಮಾಡಿದ್ದೀರಿ. ಬಕುಳದ ಮುಖ್ಯ ಪರಿಮಳದ್ರವ್ಯ 2-ಫಿನೈಲ್ ಎಥನಾಲ್ ಲೀಟರ್ ನೀರಿನಲ್ಲಿ ಸುಮಾರು 20 ಗ್ರಾಂ ಕರಗುತ್ತದೆ. ಮನೆಯ ಕುಕ್ಕರಿನ ಹೂವಿನಿಂದ ಬರುವುದು ಅದರ ಅತ್ಯಲ್ಪ ಭಾಗ. ಎಲ್ಲವೂ ನೀರಲ್ಲೇ ಕರಗಿ ಉಳಿಯುತ್ತದೆ. ಗುಲಾಬಿಯಲ್ಲೂ ಇದೇ ಕಥೆ, ಪನ್ನೀರು ಅಷ್ಟು ಘಮಘಮಿಸುವುದು ಇದರಿಂದಲೇ. ಸಿಕ್ಕ ನೀರನ್ನೇ ಪನ್ನೀರಿನಂತೆ ಬಳಸಿ. ಇನ್ನೂ ಗಾಢವಾಗಬೇಕಿದ್ದರೆ ಅದೇ ನೀರಿಗೆ ಹೊಸ ಹೂವು ಹಾಕಿ ಮತ್ತೆ ಇಳಿಸಿ.

ಮುಂದೆ ಮಾಡುವಾಗ ಹೂವನ್ನು ನೀರಿಗೆ ಹಾಕದೆ ತೂತಿನ ತಟ್ಟೆಯ ಮೇಲಿಡಿ. ತಳ ಹತ್ತಿದರೆ ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಕುಕ್ಕರಿನ ವೆಯ್ಟ್ ತೆಗೆದು ಅಲ್ಲಿಗೆ ಕೊಳವೆ ಜೋಡಿಸಿ, ಕೊಳವೆಯ ಬಾಯಿ ಯಾವಾಗಲೂ ತೆರೆದಿರಲಿ. ಎಸಳು ಸಿಕ್ಕಿ ಮುಚ್ಚಿಕೊಂಡರೆ ಸಿಡಿಯುವ ಅಪಾಯವಿದೆ, ಒಲೆಯ ಬಳಿಯಿಂದ ಏಳಬೇಡಿ.

ಉತ್ತರ ಪ್ರದೇಶದ ಕನೌಜಿನ ಅತ್ತರು ಮಾಡುವವರು ಈ ತೊಡಕನ್ನು ಚೆನ್ನಾಗಿ ಬಗೆಹರಿಸಿದ್ದಾರೆ. ತಾಮ್ರದ ಹಂಡೆಯಿಂದ ಬರುವ ಹಬೆಯನ್ನು ಗಂಧದೆಣ್ಣೆ ತುಂಬಿದ ಪಾತ್ರೆಗೆ ಇಳಿಸುತ್ತಾರೆ. ಪರಿಮಳ ಎಣ್ಣೆಗೆ ಹೋಗುತ್ತದೆ, ನೀರನ್ನು ಮತ್ತೆ ಹಂಡೆಗೆ ಸುರಿಯುತ್ತಾರೆ. ಬಕುಳದ ಅತ್ತರನ್ನು ಅಲ್ಲಿ ಮೌಲಶ್ರೀ ಎನ್ನುತ್ತಾರೆ. ಅದರಲ್ಲಿ ಶ್ರೀಗಂಧದ ಗುಣವೂ ಸೇರಿರುವುದರಿಂದ ಮರದಡಿಯ ಹೂವಿನ ಘಮವೇ ಸಿಗಲೆಂದು ಬಯಸಬಾರದು.

## ಪರಿಮಳದ ರಸಾಯನ

ಬಕುಳದ ವಾಸನೆಯಲ್ಲಿ ಏನೇನಿದೆ?

ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಸಿಕ್ಕ ಮುಖ್ಯ ಆರು ದ್ರವ್ಯಗಳಿವು: 2-ಫಿನೈಲ್ ಎಥನಾಲ್ ಸುಮಾರು ಶೇ. 38, ಸಿನ್ನಮೈಲ್ ಆಲ್ಕೋಹಾಲ್ ಶೇ. 14, ಮೀಥೈಲ್ ಬೆಂಜೊಯೇಟ್ ಶೇ. 13, ಪ್ಯಾರಾ-ಮೀಥೈಲ್ ಅನಿಸೋಲ್ ಶೇ. 10, ಫಿನೈಲ್ ಎಥೈಲ್ ಅಸಿಟೇಟ್ ಶೇ. 7, 3-ಹೈಡ್ರಾಕ್ಸಿ-4-ಫಿನೈಲ್-2-ಬ್ಯುಟನೋನ್ ಶೇ. 5. ಊರು, ಹೊತ್ತು, ತೆಗೆಯುವ ವಿಧಾನ ಬದಲಾದರೆ ಅಂಕಿ ಬದಲಾಗುತ್ತದೆ.

ಮೂಗಿನ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಗುಲಾಬಿ. ಸಿನ್ನಮೈಲ್ ಆಲ್ಕೋಹಾಲಿನದು ಬೆಚ್ಚನೆಯ, ಧೂಪದ ಕಡೆ ವಾಲುವ ಸಿಹಿ. ಫಿನೈಲ್ ಎಥೈಲ್ ಅಸಿಟೇಟ್ ಜೇನು. ಮೀಥೈಲ್ ಬೆಂಜೊಯೇಟ್ ಮತ್ತು ಪ್ಯಾರಾ-ಮೀಥೈಲ್ ಅನಿಸೋಲ್ ಚುರುಕು, ತುಸು ಔಷಧಿಯಂತೆ ಮೂಗಿಗೆ ಹತ್ತುವ ದ್ರವ್ಯಗಳು. ಹಸಿ ಬಕುಳದಲ್ಲಿ ತಲೆಗೇರುವಂಥದ್ದೊಂದು ಇದೆಯಲ್ಲ, ಅದರಲ್ಲಿ ಈ ಎರಡರ ಪಾತ್ರ ದೊಡ್ಡದು.

ಮಲ್ಲಿಗೆ ಸಂಜೆಗೆ ಮುಡಿದ್ರೆ ಬೆಳಗ್ಗೆ ಕೆಟ್ಟ ವಾಸನೆ. ಬಕುಳ ವರ್ಷಗಟ್ಟಲೆ ಘಮ. ಯಾಕೆ ಹೀಗೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. 'ಬಕುಳದ ಘಮ ಹಾರುವುದೇ ಇಲ್ಲ' ಎಂಬ ಉತ್ತರ ತಪ್ಪು. ಹಾರುತ್ತದೆ, ಆದರೆ ಸಾಲಾಗಿ, ಒಂದರ ಹಿಂದೆ ಒಂದು.

ಕುದಿಯುವ ಬಿಸಿ ನೋಡಿ: ಪ್ಯಾರಾ-ಮೀಥೈಲ್ ಅನಿಸೋಲ್ ಸುಮಾರು 175 ಡಿಗ್ರಿ, ಮೀಥೈಲ್ ಬೆಂಜೊಯೇಟ್ 199, ಫಿನೈಲ್ ಎಥನಾಲ್ 219, ಫಿನೈಲ್ ಎಥೈಲ್ ಅಸಿಟೇಟ್ 238, ಸಿನ್ನಮೈಲ್ ಆಲ್ಕೋಹಾಲ್ 250. ಮೊದಲೆರಡು ಒಂದೆರಡು ದಿನದಲ್ಲಿ ಬಹುಪಾಲು ಹೊರಟುಹೋಗುತ್ತವೆ. ಉಳಿಯುವುದು ಗುಲಾಬಿ, ಜೇನು, ಧೂಪ. ಆದ್ದರಿಂದ ಒಣ ಬಕುಳದ ಘಮ ಹಸಿ ಹೂವಿನ ಘಮವೇ ಅಲ್ಲ. ಚುರುಕು ಕಳೆದುಕೊಂಡು ಮಾಗಿದ ಬೇರೆಯೇ ಪರಿಮಳ. ಇಂದಿನ ಹೂವು ಒಂದು ಕೈಯಲ್ಲಿ, ತಿಂಗಳ ಹಿಂದಿನದು ಇನ್ನೊಂದರಲ್ಲಿ ಹಿಡಿದು ಮೂಸಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಕುದಿಬಿಂದು ಒಂದೇ ಕಾರಣವಲ್ಲ. ಮಲ್ಲಿಗೆಯ ಬೆಂಜೈಲ್ ಅಸಿಟೇಟ್ ಕೂಡ 212 ಡಿಗ್ರಿಗೆ ಕುದಿಯುತ್ತದೆ. ಆದರೆ ಕೋಣೆಯ ಬಿಸಿಯಲ್ಲಿ ಅದರ ಆವಿಯೊತ್ತಡ (ಆವಿಯಾಗಿ ಹಾರುವ ಒಲವು) ಫಿನೈಲ್ ಎಥನಾಲಿನ ಎರಡು ಪಟ್ಟು. ಬಕುಳದ ಎರಡು ಮುಖ್ಯ ದ್ರವ್ಯಗಳು ಆಲ್ಕೋಹಾಲುಗಳು. ಅವುಗಳ ಹೈಡ್ರಾಕ್ಸಿಲ್ ತುದಿ ಎಸಳಿನ ಸೆಲ್ಯುಲೋಸಿಗೆ ಹೈಡ್ರೋಜನ್ ಬಂಧದಿಂದ ಕಚ್ಚಿಕೊಳ್ಳುತ್ತದೆ. ಮಲ್ಲಿಗೆ ಪರಿಮಳವನ್ನು ಕೂಡಿಡುವುದಕ್ಕಿಂತ ಅರಳುತ್ತ ಅರಳುತ್ತ ತಯಾರಿಸುತ್ತದೆ, ಕಿತ್ತ ಮೇಲೂ ಕೆಲ ಗಂಟೆ ತಯಾರಿ ನಡೆಯುತ್ತದೆ. ಎಸಳು ಸತ್ತೊಡನೆ ಅದು ನಿಲ್ಲುತ್ತದೆ. ಮೇಲಾಗಿ ಅದು ರಸಭರಿತ ಹೂವು, ಒಣಗುವ ಮೊದಲೇ ಕೊಳೆಯುತ್ತದೆ. ಬಕುಳ ತೆಳ್ಳಗೆ, ಕೊಳೆಯುವ ಮೊದಲೇ ಒಣಗುತ್ತದೆ.

ಹಳೆಯ ಒಣ ಹೂವು ಮಂಕಾಯಿತು ಎನಿಸಿದರೆ ಬಾಯಿಂದ ಬಿಸಿಯುಸಿರು ಊದಿ ಮೂಸಿ. ತೇವ ತಾಗಿದಾಗ ಹಿಡಿದುಕೊಂಡಿದ್ದ ಘಮ ಬಿಡುಗಡೆಯಾಗುತ್ತದೆ.

ದೂರದಿಂದ ಘಮ್ ಅಂತೈತೆ, ಮರದ ಕೆಳಗೆ ಹೋಗಿ ನಿಂತ್ರೆ ಏನೂ ಇಲ್ಲ. ಇದು ಹೇಗೆ?

ಮರದಲ್ಲಿ ಕಡಿಮೆಯಾಗಿಲ್ಲ, ಮೂಗಿಗೆ ಅಭ್ಯಾಸವಾಗಿದೆ. ಒಂದೇ ವಾಸನೆ ಬಿಡದೆ ಬಂದರೆ ಘ್ರಾಣದ ನರಗಳು ಎರಡು ಮೂರು ನಿಮಿಷದಲ್ಲಿ ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತವೆ. ದೂರದಲ್ಲಿ ಗಾಳಿ ಬಿಟ್ಟು ಬಿಟ್ಟು ತರುವುದರಿಂದ ಪ್ರತಿ ಸಲವೂ ಹೊಸದು. ರಸ್ತೆಯಾಚೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ.

ಮರ ಇದನ್ನೆಲ್ಲಾ ಎಲ್ಲಿಂದ ತಯಾರು ಮಾಡುತ್ತೆ?

ಮೇಲೆ ಹೇಳಿದ ದ್ರವ್ಯಗಳಲ್ಲಿ ಬಹುಪಾಲು ಒಂದೇ ಮನೆತನದವು, ಮೂಲಪುರುಷ ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲ. ಒಂದು ದಾರಿಯಲ್ಲಿ ಅದು ಫಿನೈಲ್ ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಫಿನೈಲ್ ಎಥನಾಲ್ ಆಗುತ್ತದೆ. ಇನ್ನೊಂದು ದಾರಿಯಲ್ಲಿ ಅಮೋನಿಯಾ ಕಳೆದುಕೊಂಡು ಸಿನ್ನಮಿಕ್ ಆಮ್ಲವಾಗುತ್ತದೆ. ಅಲ್ಲಿಂದ ಒಂದು ಕವಲು ಸಿನ್ನಮೈಲ್ ಆಲ್ಕೋಹಾಲಿಗೆ, ಇನ್ನೊಂದು ಬಾಲ ಮೊಟಕಾಗಿ ಬೆಂಜೊಯಿಕ್ ಆಮ್ಲಕ್ಕೆ. ಬೆಂಜೊಯಿಕ್ ಆಮ್ಲಕ್ಕೆ ಮೀಥೈಲ್ ಗುಂಪೊಂದು ಸೇರಿದರೆ ಮೀಥೈಲ್ ಬೆಂಜೊಯೇಟ್. ಈ ಹಾದಿಗಳನ್ನು ವಿಜ್ಞಾನಿಗಳು ವಿವರವಾಗಿ ಬಿಡಿಸಿದ್ದು ಪೆಟೂನಿಯಾ, ಸ್ನ್ಯಾಪ್‌ಡ್ರ್ಯಾಗನ್, ಗುಲಾಬಿಗಳಲ್ಲಿ.

ನಿಜವಾದ ಚೆರ್ರಿಯ ಪರಿಮಳಕ್ಕೂ ಬಕುಳಕ್ಕೂ ಏನಾದ್ರೂ ಸಂಬಂಧ ಉಂಟಾ?

ಮೂಲ ಒಂದೇ, ಉಳಿಸಿಕೊಳ್ಳುವ ಬಗೆ ಬೇರೆ. ಚೆರ್ರಿ ಗಣದವು ಫಿನೈಲ್ ಅಲನಿನ್‌ನಿಂದ ಪ್ರೂನಸಿನ್, ಅಮಿಗ್ಡಾಲಿನ್ ಎಂಬ ಸಕ್ಕರೆ ಹೊತ್ತ ವಾಸನೆಯಿಲ್ಲದ ದ್ರವ್ಯಗಳನ್ನು ಮಾಡಿ ಎಲೆ, ತೊಗಟೆ, ಬೀಜದಲ್ಲಿ ಕೂಡಿಡುತ್ತವೆ. ಜಜ್ಜಿದಾಗ ಕಿಣ್ವ ತಾಗಿ ಅವು ಒಡೆದು ಸಕ್ಕರೆ, ಬೆಂಜಾಲ್ಡಿಹೈಡ್, ಹೈಡ್ರೋಜನ್ ಸಯನೈಡ್ ಹೊರಬರುತ್ತವೆ. ಕಹಿಬಾದಾಮಿಯ ವಾಸನೆ ಬೆಂಜಾಲ್ಡಿಹೈಡಿನದು, ವಿಷ ಸಯನೈಡಿನದು. ಚೆರ್ರಿಯ ಬೀಜ ಒಡೆದು ತಿನ್ನಬಾರದು ಎನ್ನುವುದು ಇದಕ್ಕೇ. ಜಪಾನಿನಲ್ಲಿ ಚೆರ್ರಿ ಎಲೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಸಿಹಿತಿಂಡಿಗೆ ಸುತ್ತುತ್ತಾರೆ. ಉಪ್ಪು ಕೋಶ ಒಡೆದಾಗ ಹುಟ್ಟುವ ಕೂಮರಿನ್ ಅದರ ಘಮ. ಬಕುಳದ ಎಲೆ ಜಜ್ಜಿದರೆ ಹಾಲಿನ ಹಸಿವಾಸನೆ ಬಿಟ್ಟು ಬೇರೇನೂ ಬಾರದು. ಇದರ ಪರಿಮಳವೆಲ್ಲ ಹೂವಿನಲ್ಲೇ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಬಕುಳದ ವಾಸನೆ ವಿಶ್ಲೇಷಣೆ ಮಾಡಬೇಕು ಅಂತಿದೀನಿ. ಹೇಗೆ ಶುರು ಮಾಡಲಿ?

ಮೊದಲು ಪ್ರಶ್ನೆ ತೀರ್ಮಾನಿಸಿ. ಹೂವು ಗಾಳಿಗೆ ಬಿಡುವುದೇನು ಎಂದು ತಿಳಿಯಬೇಕಿದ್ದರೆ ಹೆಡ್‌ಸ್ಪೇಸ್ ವಿಧಾನ, ಅಂದರೆ ಮುಚ್ಚಿದ ಪಾತ್ರೆಯಲ್ಲಿ ಹೂವಿನ ಸುತ್ತಲಿನ ಗಾಳಿಯನ್ನು ಪರೀಕ್ಷಿಸುವುದು. ಹೂವಿನಲ್ಲಿರುವುದೇನು ಎಂದಾದರೆ ದ್ರಾವಕದಲ್ಲಿ ನೆನೆಸಿ ತೆಗೆಯುವುದು. ಎರಡರ ಅಂಕಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಡ್‌ಸ್ಪೇಸಿನಲ್ಲಿ ಹಗುರ ದ್ರವ್ಯ ಹೆಚ್ಚು ಕಾಣುತ್ತದೆ, ಸಿನ್ನಮೈಲ್ ಆಲ್ಕೋಹಾಲ್ ಕಡಿಮೆ.

ಎಸ್‌ಪಿಎಂಇ (ಆ ಗಾಳಿಯ ದ್ರವ್ಯಗಳನ್ನು ಲೇಪನವಿರುವ ಸಣ್ಣ ಎಳೆಗೆ, ಅಂದರೆ ಫೈಬರಿಗೆ, ಹೀರಿಸುವ ವಿಧಾನ) ಸೌಲಭ್ಯವಿದ್ದರೆ 20 ಮಿ.ಲೀ. ಗಾಜಿನ ವಯಲಿನಲ್ಲಿ 1 ಗ್ರಾಂ ಹೂವು, 40 ಡಿಗ್ರಿಯಲ್ಲಿ 10 ನಿಮಿಷ ಬಿಟ್ಟು ನಂತರ 30 ನಿಮಿಷ ಫೈಬರ್ ಒಡ್ಡಿ. ಜಿಸಿ-ಎಂಎಸ್‌ನಲ್ಲಿ (ದ್ರವ್ಯಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) 30 ಮೀಟರಿನ ಡಿಬಿ-5 ಕಾಲಂ (ಬೇರ್ಪಡಿಸುವ ಸಣ್ಣ ಕೊಳವೆ), 50 ಡಿಗ್ರಿಯಲ್ಲಿ 2 ನಿಮಿಷ, ಬಳಿಕ ನಿಮಿಷಕ್ಕೆ 5 ಡಿಗ್ರಿಯಂತೆ 240ರವರೆಗೆ. ಅದೇ ಕ್ರಮದಲ್ಲಿ ಸಿ8ರಿಂದ ಸಿ20ರ ಆಲ್ಕೇನ್ ಮಿಶ್ರಣ ಓಡಿಸಿ ರಿಟೆನ್ಷನ್ ಇಂಡೆಕ್ಸ್ (ದ್ರವ್ಯ ಕಾಲಂನಿಂದ ಹೊರಬರುವ ಹೊತ್ತನ್ನು ಆಲ್ಕೇನುಗಳಿಗೆ ಹೋಲಿಸಿದ ಅಂಕಿ) ಲೆಕ್ಕ ಹಾಕಿ. ಪ್ಯಾರಾ-ಮೀಥೈಲ್ ಅನಿಸೋಲ್ 1020, ಮೀಥೈಲ್ ಬೆಂಜೊಯೇಟ್ 1090, ಫಿನೈಲ್ ಎಥನಾಲ್ 1110, ಫಿನೈಲ್ ಎಥೈಲ್ ಅಸಿಟೇಟ್ 1255, ಸಿನ್ನಮೈಲ್ ಆಲ್ಕೋಹಾಲ್ 1303ರ ಆಸುಪಾಸಿನಲ್ಲಿ ಬರಬೇಕು. ಯಂತ್ರದ ಲೈಬ್ರರಿ ಶೇ. 90 ಹೊಂದಿಕೆ ತೋರಿಸಿತೆಂದು ಹೆಸರು ಬರೆದುಬಿಡುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಇಂಡೆಕ್ಸೂ ಹೊಂದಬೇಕು, ಸಾಧ್ಯವಾದರೆ ಶುದ್ಧ ಮಾದರಿಯೂ.

ಇನ್ನೊಂದು ತಪ್ಪು ಪೀಕಿನ (ಯಂತ್ರದ ನಕ್ಷೆಯಲ್ಲಿ ದ್ರವ್ಯವೊಂದು ಮೂಡಿಸುವ ಶಿಖರ) ವಿಸ್ತೀರ್ಣದ ಶೇಕಡಾವನ್ನು ಹೂವಿನಲ್ಲಿರುವ ಪ್ರಮಾಣವೆಂದು ಬರೆಯುವುದು. ಫೈಬರ್ ಎಲ್ಲವನ್ನೂ ಒಂದೇ ಸಮ ಹೀರುವುದಿಲ್ಲ.

ಮರವೊಂದರಿಂದ ಮೂರು ಮಾದರಿಯಂತೆ ಕನಿಷ್ಠ ಐದು ಮರ ಇರಲಿ. ಪ್ರತಿ ಮಾದರಿಗೂ ಗಂಟೆ ಬರೆದಿಡಿ: ರಾತ್ರಿ ಒಂಬತ್ತಕ್ಕೆ ಮರದಲ್ಲಿದ್ದ ಹೂವು, ಬೆಳಗಿನ ಐದಕ್ಕೆ ಹಾಸಿದ ಬಟ್ಟೆಯ ಮೇಲೆ ಬಿದ್ದದ್ದು, ಹತ್ತು ಗಂಟೆಯ ಬಿಸಿಲಲ್ಲಿ ನೆಲದಿಂದ ಹೆಕ್ಕಿದ್ದು, ಇವನ್ನು ಬೆರೆಸಿದರೆ ಯಾವ ಅಂಕಿಗೂ ಅರ್ಥವಿರುವುದಿಲ್ಲ. ಪ್ರಯೋಗಾಲಯಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ, ಚೀಲವನ್ನು ಮೆದುಗೊಳಿಸಲು ಹಾಕುವ ಥ್ಯಾಲೇಟುಗಳೇ ದೊಡ್ಡ ಪೀಕಾಗಿ ಬಂದುಬಿಡುತ್ತವೆ. ಗಾಜಿನ ಬಾಟಲಿ, ಐಸ್ ಪೆಟ್ಟಿಗೆ. ಪ್ರತಿ ದಿನ ಹೂವಿಲ್ಲದ ಖಾಲಿ ವಯಲ್ ಒಂದನ್ನು ಅದೇ ಕ್ರಮದಲ್ಲಿ ಓಡಿಸಿ, ಅದರಲ್ಲಿ ಕಂಡ ಪೀಕುಗಳನ್ನೆಲ್ಲ ಪಟ್ಟಿಯಿಂದ ಕಳೆಯಿರಿ.